ಹೊಲಿಗೆಯಮ್ಮ ನುಂಗಿದ ಸಾಲು

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳು ಹಗಲೆಲ್ಲ ಗುಡುಗುಡು ಎನ್ನುವ ಕೋಣೆಯ ಪಕ್ಕಕ್ಕೆ ಇನ್ನೊಂದು ಸಣ್ಣ ಕೋಣೆಯಿದೆ. ಒಂದು ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಒಂದೇ ಕುರ್ಚಿ. ಯಂತ್ರ ಎರಡಿದ್ದರೂ ಕುರ್ಚಿ ಒಂದೇ ಯಾಕೆಂದರೆ ಅಲ್ಲಿ ಕೂರುವವಳು ಒಬ್ಬಳೇ, ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂರುವುದು ಅವಳಿಗೆ ಸುತರಾಂ ಇಷ್ಟವಿಲ್ಲ. ಇಪ್ಪತ್ತಾರು ವರ್ಷದಿಂದ ಅವಳದೇ ರಾಜ್ಯಭಾರ. ಅವಳ ಕತ್ತರಿಯನ್ನು ಯಾರಾದರೂ ಕಾಗದ ಕತ್ತರಿಸಲು ಎತ್ತಿಕೊಂಡರೆ, ಅವರು ದೊಡ್ಡ ಡಾಕ್ಟರೇ ಆಗಿರಲಿ, ಮಂಗಳಾರತಿ ತಪ್ಪಿದ್ದಲ್ಲ. ಇಡೀ ಆಸ್ಪತ್ರೆಗೆ ಅವಳು ಹೊಲಿಗೆಯಮ್ಮ.

ಹಾಸಿಗೆ ಬಟ್ಟೆ, ದಿಂಬಿನ ಚೀಲ, ರೋಗಿಗಳ ಅಂಗಿ, ಇವೆಲ್ಲ ಯಾರು ಬೇಕಾದರೂ ಹೊಲಿಯಬಹುದು. ಹೊಲಿಗೆಯಮ್ಮನ ಕೈಗುಣ ಗೊತ್ತಾಗುವುದು ಆಪರೇಷನ್ನಿನ ಹಸಿರು ಬಟ್ಟೆಯಲ್ಲಿ. ರೋಗಿಯ ಮೈತುಂಬ ಹೊದಿಸಿ, ಕೊಯ್ಯಬೇಕಾದ ಜಾಗವೊಂದೇ ಕಾಣುವ ಹಾಗೆ ನಡುವೆ ಒಂದು ತೂತು ಬಿಟ್ಟಿರುತ್ತಾರಲ್ಲ, ಆ ಬಟ್ಟೆ. ನೆಲಮಾಳಿಗೆಯವರು ಅದಕ್ಕೆ ಕಿಟಕಿ ಎನ್ನುತ್ತಾರೆ. ಹೊಟ್ಟೆಯ ಕಿಟಕಿ ದೊಡ್ಡದು, ಕಣ್ಣಿನದು ನಾಣ್ಯದಷ್ಟು, ಕುತ್ತಿಗೆಯದು ನಾಲ್ಕು ಬೆರಳಗಲ. ಕಿಟಕಿಯ ಅಂಚನ್ನು ಅವಳು ಎರಡೆರಡು ಸಲ ಮಡಿಚಿ ಹೊಲಿಯುತ್ತಾಳೆ, ಒಂದು ನೂಲಿನ ಎಳೆಯೂ ಗಾಯದೊಳಕ್ಕೆ ಬೀಳಬಾರದು. ಅಳತೆ ಮಾಡಿ, ಇನ್ನೊಮ್ಮೆ ಅಳತೆ ಮಾಡಿ, ಆಮೇಲೆಯೇ ಕತ್ತರಿ. ಒಮ್ಮೆ ಕತ್ತರಿ ಆಡಿತೋ ಮುಗಿಯಿತು, ಮತ್ತೆ ಕೂಡಿಸಲಾಗದು ಎಂಬ ಭಯ ಅವಳ ಬೆರಳಲ್ಲೇ ಕೂತಿದೆ. ಮಾತಿನ ವಿಷಯದಲ್ಲೂ ಅವಳಿಗೆ ಅದೇ ಭಯ. ಅದು ಬಂದದ್ದು ಹೇಗೆ ಎಂದು ಹೇಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವಳ ಗಂಡನಿಗೆ ಹೃದಯದ ಆಪರೇಷನ್ ಆಯಿತು. ಆತ ಕರೆಂಟಿನ ಕೆಲಸದವನು, ಕಂಬ ಹತ್ತುವಾಗ ಹಾಡು ಹೇಳಿಕೊಳ್ಳುವ ಮನುಷ್ಯ. ಆಪರೇಷನ್ನಿಗೆ ಒಪ್ಪಿಗೆ ಎಂದು ಒಂದು ಕಾಗದಕ್ಕೆ ಅವಳಿಂದ ಸಹಿ ಹಾಕಿಸಿಕೊಂಡು ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಅವಳ ಜೊತೆ ಕೂತವರು ಸಭೆಯ ಅಯ್ಯನವರು, ಎಂದರೆ ಪಾಸ್ಟರು. ಇಬ್ಬರೂ ಪ್ರಾರ್ಥನೆ ಮಾಡಿದರು. ಕೊನೆಗೆ ಅಯ್ಯನವರು, "ನಿನ್ನ ಚಿತ್ತವೇ ನಡೆಯಲಿ ತಂದೆಯೇ" ಅಂದರು. ಅವಳೂ ಅಂದಳು. ಅಂದು ಕಾಲು ಗಂಟೆಯಾಗಿಲ್ಲ, ಬಾಗಿಲು ತೆರೆಯಿತು. ಹೊರಗೆ ಬಂದ ನರ್ಸಿನ ಮುಖ ನೋಡಿದೊಡನೆಯೇ ಅವಳಿಗೆ ಗೊತ್ತಾಯಿತು. ತನ್ನ ಗಂಡನಿಗೆ ಹೊದಿಸಿದ್ದ ಬಟ್ಟೆಯ ಕಿಟಕಿಯನ್ನು ಕತ್ತರಿಸಿದ್ದು ತಾನೇ, ಸಹಿ ಹಾಕಿದ್ದು ತಾನೇ, ಕೊನೆಗೆ ಬಾಯಿಬಿಟ್ಟು ತೆಗೆದುಕೊಂಡು ಹೋಗು ಎಂದದ್ದೂ ತಾನೇ. ಹೀಗೆ ಕೂತುಬಿಟ್ಟಿತು ಅವಳ ಮನಸ್ಸಿನಲ್ಲಿ.

ಅಂದಿನಿಂದ ಅವಳು ಆ ಮಾತನ್ನು ಹೇಳಿಲ್ಲ. ದೇವರನ್ನು ಬಿಡಲಿಲ್ಲ, ಆರಾಧನೆ ತಪ್ಪಿಸಲಿಲ್ಲ. ಚರ್ಚಿನಲ್ಲಿ ಎಲ್ಲರೂ ಎದ್ದು ನಿಂತು ಕರ್ತನ ಪ್ರಾರ್ಥನೆ ಹೇಳುವಾಗ ಆ ಸಾಲು ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದಳು, ಅದು ದಾಟಿದ ಮೇಲೆ ತೆರೆಯುತ್ತಿದ್ದಳು. ಇನ್ನೂರು ಜನರ ನಡುವೆ ಒಬ್ಬಳು ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಯಾರಿಗೆ ಗೊತ್ತಾಗಬೇಕು?

ಮನೆಯಲ್ಲಿ ಗೊತ್ತಾಗಬೇಕಿತ್ತು. ಆದರೆ ಮನೆಯಲ್ಲಿ ಅಣ್ಣನಿದ್ದ.

ಅಣ್ಣ ಮದುವೆಯಾಗದವನು. ಊರಿನ ಬಸ್ ನಿಲ್ದಾಣದಲ್ಲಿ ಮೂವತ್ತೆಂಟು ವರ್ಷ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಅಂಕಣದಿಂದ ಎಂದು ಕೂಗಿದವನು. ಜನ ಅವನ ಮುಖ ನೋಡಿದ್ದು ಕಡಿಮೆ, ಧ್ವನಿ ಕೇಳದವರಿಲ್ಲ. ಅಂಗಡಿಗೆ ಹೋಗಿ ಒಂದು ಸೋಪು ಕೊಡಿ ಅಂದರೆ ಸಾಕು, ಅಂಗಡಿಯವನು ತಲೆಯೆತ್ತಿ, "ಓಹೋ, ಮೈಕು!" ಅನ್ನುತ್ತಿದ್ದ. ನಿವೃತ್ತಿಯಾದ ಮೇಲೂ ಆ ಹೆಸರು ಹೋಗಲಿಲ್ಲ, ಆ ಗಂಟಲೂ ತಗ್ಗಲಿಲ್ಲ. ಗಂಡ ತೀರಿಕೊಂಡ ಮೇಲೆ ತಂಗಿ ಅವನ ಎರಡು ಕೋಣೆಯ ಮನೆಗೆ ಬಂದಳು, ಮೂರನೆಯ ಮಹಡಿಗೆ. ಅವಳಿಗೆ ಐವತ್ತೆಂಟಾದರೂ ಅಣ್ಣನಿಗೆ ಅವಳು ಪುಟ್ಟಿಯೇ. "ಪುಟ್ಟೀ, ಚಹಾ ಹೊರಡುವ ಸಮಯವಾಯಿತು" ಎಂದು ಅವನು ಒಳಕೋಣೆಯಿಂದ ಕೂಗಿದರೆ ಕೆಳಗಿನ ಮನೆಯವರು ತಮ್ಮ ಒಲೆ ಹಚ್ಚುತ್ತಿದ್ದರು.

ಆ ಮನೆಗೊಂದು ಪದ್ಧತಿಯಿತ್ತು. ಇವರಿಬ್ಬರ ತಾಯಿ ಕಂಡವರ ಮನೆಯ ಪಾತ್ರೆ ತೊಳೆದು ಮಕ್ಕಳನ್ನು ಬೆಳೆಸಿದವಳು, ಓದು ಬರಹ ಬಾರದವಳು. ದೊಡ್ಡ ಪ್ರಾರ್ಥನೆಗಳು ತನ್ನ ತಲೆಯಲ್ಲಿ ನಿಲ್ಲುವುದಿಲ್ಲವೆಂದು ತಾನೇ ಐದು ಸಾಲು ಕಟ್ಟಿಕೊಂಡಿದ್ದಳು: ಕೊಟ್ಟದ್ದಕ್ಕೆ ಸ್ತೋತ್ರ. ಕೊಡದ್ದಕ್ಕೂ ಸ್ತೋತ್ರ. ಹಾದಿ ತಪ್ಪಿದರೆ ಕೈಹಿಡಿ. ಹಟ ಮಾಡಿದರೆ ಕ್ಷಮಿಸು. ನಮ್ಮ ಇಷ್ಟ ಬದಿಗಿರಲಿ, ನಿನ್ನ ಚಿತ್ತವೇ ನಡೆಯಲಿ. ಆಮೇಲೆ ಆಮೆನ್. ಸಂಜೆ ಊಟಕ್ಕೆ ಮುಂಚೆ ಇದನ್ನು ಎಲ್ಲರೂ ಒಟ್ಟಿಗೆ, ಬಾಯಿಬಿಟ್ಟು ಹೇಳಬೇಕು. ಮನಸ್ಸಿನೊಳಗೇ ಹೇಳಿಕೊಂಡೆ ಎಂಬ ನೆಪ ಅವಳ ಹತ್ತಿರ ನಡೆಯುತ್ತಿರಲಿಲ್ಲ. "ನಿನ್ನ ಕಿವಿಗೇ ಕೇಳಿಸಿಲ್ಲ ಅಂದ್ರೆ ನೀನು ಹೇಳೇ ಇಲ್ಲ" ಎನ್ನುವವಳು. ತಾಯಿ ಹೋಗಿ ಮೂವತ್ತು ವರ್ಷವಾದರೂ ಮಕ್ಕಳು ಅದನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಅಣ್ಣ ನಿಲ್ದಾಣದ ಗಂಟಲಲ್ಲಿ ಐದೂ ಸಾಲು ಹೇಳುತ್ತಿದ್ದ. ಪುಟ್ಟಿ ನಾಲ್ಕು ಸಾಲು ಹೇಳಿ ಐದನೆಯದನ್ನು ನುಂಗಿಕೊಳ್ಳುತ್ತಿದ್ದಳು. ಆ ಗಂಟಲಿನ ಅಬ್ಬರದಲ್ಲಿ ಅವಳು ನುಂಗಿದ್ದು ಅವನಿಗೆ ಹದಿನಾಲ್ಕು ವರ್ಷ ತಿಳಿಯಲಿಲ್ಲ.

ಆಮೇಲೆ ಆ ಗಂಟಲಿಗೇ ಕುತ್ತು ಬಂತು. ಮೊದಲು ಧ್ವನಿ ಒಡೆಯಿತು, ಶೀತ ಎಂದುಕೊಂಡರು. ಎರಡು ತಿಂಗಳಾದರೂ ಹೋಗದಾಗ ತಂಗಿ ಅವನನ್ನು ದರದರನೆ ತನ್ನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಮುಂದೆ ಉಸಿರು ಕುತ್ತಿಗೆಯ ಬುಡದಲ್ಲಿ ಮಾಡುವ ತೂತಿನಿಂದ, ಮಾತು ಇರುವುದಿಲ್ಲ ಎಂದರು. ಆ ಆಪರೇಷನ್ನಿನ ಕಿಟಕಿಯನ್ನೂ ಅವಳೇ ಕತ್ತರಿಸಿದಳು. ಬೇರೆ ಯಾರಿಗೂ ಬಿಟ್ಟುಕೊಡುವ ಹೆಂಗಸಲ್ಲ ಅವಳು. ಅಂದು ಬೆಂಚಿನ ಮೇಲೆ ಅಯ್ಯನವರು ಬಂದು ಕೂರದಿರಲಿ ಎಂದು ಯಾರಿಗೂ ದಿನವನ್ನೇ ತಿಳಿಸಲಿಲ್ಲ. ಒಬ್ಬಳೇ ಕೂತು, "ಉಳಿಸು, ಉಳಿಸು, ಉಳಿಸು" ಎಂದು ಐದು ಗಂಟೆ ಹೊತ್ತು ಹೇಳಿದಳು, ಬೇರೆ ಒಂದು ಮಾತೂ ಬಾಯಿಂದ ಬೀಳದ ಹಾಗೆ ನೋಡಿಕೊಂಡಳು. ಅಣ್ಣ ಉಳಿದ. ತನ್ನ ಲೆಕ್ಕ ಸರಿಯಿದೆ ಎಂದು ಅವಳಿಗೆ ಇನ್ನೂ ಖಾತ್ರಿಯಾಯಿತು.

ಮನೆಗೆ ಬಂದ ಮೊದಲ ಸಂಜೆ ಇಬ್ಬರೂ ಮೇಜಿನ ಮುಂದೆ ಕೂತರು. ಅಣ್ಣನ ಕುತ್ತಿಗೆಗೆ ಅವಳು ಹೊಲಿದ ಸಣ್ಣ ಬಿಳಿ ಬಟ್ಟೆ, ಉಸಿರು ಬಿಟ್ಟಾಗಲೆಲ್ಲ ಅಲುಗುತ್ತಿತ್ತು. ಪಕ್ಕದಲ್ಲಿ ನೋಟುಬುಕ್ಕು, ಪೆನ್ಸಿಲು. ಅವಳು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದಳು. ತನ್ನ ಧ್ವನಿ ಆ ಮನೆಯಲ್ಲಿ ಒಂಟಿಯಾಗಿ ಕೇಳಿಸಿದ್ದು ಅದೇ ಮೊದಲು. ಒಂದು, ಎರಡು, ಮೂರು, ನಾಲ್ಕು, ಆಮೆನ್.

ಕಣ್ಣು ಬಿಟ್ಟರೆ ಅಣ್ಣ ಅವಳನ್ನೇ ನೋಡುತ್ತಿದ್ದಾನೆ. ಐದು ಬೆರಳು ತೋರಿಸಿ ಒಂದನ್ನು ಮಡಿಚಿದ.

"ಮರೆತುಹೋಯ್ತು" ಅಂದಳು ಅವಳು. "ತಣ್ಣಗಾಗುತ್ತೆ, ಕುಡಿ."

ಮರುದಿನವೂ ಮರೆಯಿತು. ಮೂರನೆಯ ದಿನ ಅವನು ಪೆನ್ಸಿಲು ತೆಗೆದುಕೊಂಡು ಬರೆದ: "ದಯವಿಟ್ಟು ಗಮನಿಸಿ. ಬಸ್ಸು ಒಂದು ನಿಲ್ದಾಣ ಬಿಟ್ಟು ಹೋಗುತ್ತಿದೆ. ಎಷ್ಟು ದಿನದಿಂದ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಹದಿನಾಲ್ಕು ವರ್ಷ" ಅಂದಳು. ಎಲ್ಲವನ್ನೂ ಹೇಳಿದಳು, ಬೆಂಚು, ಕಾಗದ, ಅಯ್ಯನವರು, ಕಾಲು ಗಂಟೆ. ಅಣ್ಣ ನೋಟುಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಬರೆದ: "ನನ್ನ ಗಂಟಲ ಹಿಂದೆ ಅಡಗಿ ಕೂತಿದ್ದೆಯಾ ಕಳ್ಳಿ?" ಅದರ ಕೆಳಗೆ ಇನ್ನೊಂದು: "ನಿನ್ನ ಸಹಿ ಬಿದ್ದ ಮೇಲೇ ಕೆಲಸ ಶುರುಮಾಡೋಕೆ ದೇವರು ಏನು ನಿಮ್ಮ ಆಸ್ಪತ್ರೆ ನೌಕರನಾ?" ಬರೆದು ನಕ್ಕ. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯಿತು, ಕುತ್ತಿಗೆಯ ಬಟ್ಟೆ ಪಟಪಟ ಅಂದಿತು.

"ನಗಬೇಡ ಅಣ್ಣ. ನನಗೆ ಆಗಲ್ಲ ಅಂದ್ರೆ ಆಗಲ್ಲ."

ಅವನು ಅಲ್ಲಿಗೆ ಬಿಟ್ಟ. ಏಳು ತಿಂಗಳು ಆ ಮನೆಯ ಪ್ರಾರ್ಥನೆ ನಾಲ್ಕೇ ಸಾಲಿನಲ್ಲಿ ಮುಗಿಯಿತು. ಎಂಟನೆಯ ತಿಂಗಳು ಕಿವಿಯ ಕೆಳಗೆ ಗಂಟು ಕಾಣಿಸಿತು.

ಈ ಸಲ ಡಾಕ್ಟರು ಕೈಚೆಲ್ಲಿದರು. ಹೊಲಿಗೆಯಮ್ಮನನ್ನು ಬಲ್ಲವರಾದ್ದರಿಂದ ಅಡ್ಡಗೋಡೆಯ ಮೇಲೆ ದೀಪವಿಡುವ ಮಾತಾಡಲಿಲ್ಲ. "ಕೊಯ್ಯೋಕೆ ಜಾಗ ಇಲ್ಲಮ್ಮ. ಮನೇಲಿ ಇರಲಿ, ನೋವಿಗೆ ಔಷಧಿ ಕೊಡ್ತೀನಿ. ಎರಡು ತಿಂಗಳು ಅಂದುಕೊಳ್ಳಿ" ಅಂದರು. ಕೊಯ್ಯುವುದಿಲ್ಲ ಎಂದರೆ ಕಿಟಕಿಯೂ ಬೇಡ. ತಾನು ಮಾಡಬಹುದಾದ ಕೆಲಸವೇ ಉಳಿದಿಲ್ಲ ಎಂದು ತಿಳಿಯುವುದು ಅವಳಂಥವಳಿಗೆ ಎಷ್ಟು ಕಷ್ಟ ಎಂದು ಆ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ.

ಅಂದು ಸಂಜೆ ನಾಲ್ಕು ಸಾಲು ಮುಗಿದು ಅವಳು ಆಮೆನ್ ಅನ್ನುವ ಮೊದಲೇ ಅಣ್ಣ ಅವಳ ಮಣಿಕಟ್ಟು ಹಿಡಿದುಕೊಂಡ. ಇನ್ನೊಂದು ಕೈಯಲ್ಲಿ ಬರೆದ: "ಇವತ್ತಿನಿಂದ ಐದನೇದು ಹೇಳಬೇಕು. ನಿನ್ನದಲ್ಲ, ನನ್ನದು. ನನಗೆ ಬಾಯಿಲ್ಲ."

"ತುಟಿ ಆಡಿಸು. ದೇವರಿಗೆ ಕೇಳಿಸುತ್ತೆ."

"ದೇವರಿಗೆ ಕೇಳಿಸುತ್ತೆ. ನನಗೆ ಕೇಳಿಸಬೇಕು."

ತಾಯಿಯ ಮಾತನ್ನೇ ಎದುರಿಗಿಟ್ಟಿದ್ದ. ಅವಳು ಎದ್ದು ಅಡುಗೆಮನೆಗೆ ಹೋಗಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಳು. ಎಂತಹ ಇಕ್ಕಟ್ಟು ನೋಡಿ. ಹೇಳಿದರೆ, ಅವಳ ನಂಬಿಕೆಯ ಪ್ರಕಾರ, ಅಣ್ಣನನ್ನು ಕೈಯಾರೆ ಕಳಿಸಿಕೊಟ್ಟಂತೆ. ಹೇಳದಿದ್ದರೆ, ಜೀವಮಾನವಿಡೀ ದಿನಕ್ಕೊಮ್ಮೆ ಆ ಮಾತು ಹೇಳುತ್ತಿದ್ದವನು ಬೇಕಾದ ಹೊತ್ತಿನಲ್ಲಿ ಅದಿಲ್ಲದೆ ಹೋಗಬೇಕು. ಅದನ್ನು ಅವನಿಂದ ಕಸಿದುಕೊಂಡವಳು ಅವಳಾಗುತ್ತಾಳೆ.

ಸಮಾಧಾನ ಹೇಳುವವರಿಗೆ ಬರವಿರಲಿಲ್ಲ. ಸಭೆಯ ಹೆಂಗಸರು ಇಬ್ಬಿಬ್ಬರಾಗಿ ಮಹಡಿ ಹತ್ತಿ ಬಂದರು. "ದೇವರ ಚಿತ್ತಕ್ಕೆ ಒಪ್ಪಿಸಿಬಿಡಮ್ಮ, ಮನಸ್ಸು ಹಗುರಾಗುತ್ತೆ" ಅಂದರು. ಬೇರೆಯವರ ಅಣ್ಣನನ್ನು ಒಪ್ಪಿಸುವುದು ಯಾವಾಗಲೂ ಸುಲಭ. ಒಬ್ಬಾಕೆಗಂತೂ ತನ್ನ ಕಳೆದುಹೋದ ಬೆಕ್ಕು ಪ್ರಾರ್ಥನೆಯಿಂದ ಹೇಗೆ ವಾಪಸು ಬಂತು ಎಂದು ಅರ್ಧ ಗಂಟೆ ಹೇಳುವುದಿತ್ತು. ಹೊಲಿಗೆಯಮ್ಮ ಆ ಬೆಕ್ಕಿನ ಮೇಲೆ ಸಿಟ್ಟಾದಳು, ಬೆಕ್ಕನ್ನು ತಂದುಕೊಟ್ಟವನ ಮೇಲೂ ಸಿಟ್ಟಾದಳು. ಬೆಕ್ಕಿನ ಕೋರಿಕೆಗೆ ಕಿವಿ ಕೊಡುವವನಿಗೆ ಅಣ್ಣನದು ಕೇಳಿಸುವುದಿಲ್ಲವೇ? ಈ ಪ್ರಶ್ನೆ ತಪ್ಪು ಎಂದು ಗೊತ್ತಿದ್ದರೂ ಅವಳು ಅದನ್ನು ಬಿಡಲಿಲ್ಲ.

ಕೊನೆಗೆ ಅಯ್ಯನವರಲ್ಲಿಗೇ ಹೋದಳು. ಅವರೀಗ ಮುದುಕರು. ಚರ್ಚಿನ ಹಿಂದಿನ ಕೋಣೆಯಲ್ಲಿ ಮುರಿದ ಬೆಂಚಿನ ಕಾಲಿಗೆ ತಾವೇ ಮೊಳೆ ಹೊಡೆಯುತ್ತಿದ್ದರು. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಹದಿನಾಲ್ಕು ವರ್ಷದಿಂದ ತಮ್ಮ ಮೇಲೂ ಅವಳಿಗೆ ಒಂದು ಮುನಿಸಿತ್ತು ಎಂದು ಆಗ ತಿಳಿದು ಅವರು ಸುತ್ತಿಗೆ ಕೆಳಗಿಟ್ಟರು.

"ನಿಮ್ಮ ಮಾತಿನಿಂದ ನಿಮ್ಮ ಯಜಮಾನರು ಹೋಗಲಿಲ್ಲಮ್ಮ. ಪ್ರಾರ್ಥನೆ ಅಂದ್ರೆ ದೇವರ ಕೈ ತಿರುಗಿಸೋದಲ್ಲ. ನಮ್ಮ ಮನಸ್ಸನ್ನ ಅವನ ಕಡೆ ತಿರುಗಿಸಿಕೊಳ್ಳೋದು."

"ತಿರುಗದಿದ್ರೆ ಅಯ್ಯನವರೇ?"

"ತಿರುಗಲ್ಲ ಅಂತ ಅವನಿಗೇ ಹೇಳಿ. ಯೇಸು ಸ್ವಾಮಿ ಕೂಡ ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ತೋಟದಲ್ಲಿ ಕೂತು, ಮೊದಲು ನನಗೆ ಈ ಸಾವು ಬೇಡ ಅಂತಲೇ ಕೇಳಿಕೊಂಡರು."

"ಕೇಳಿಕೊಂಡರು. ತಪ್ಪಿತಾ ಅವರಿಗೆ?"

ಅಯ್ಯನವರು ತಲೆ ತಗ್ಗಿಸಿದರು. "ಇಲ್ಲಮ್ಮ" ಅಂದರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಸೇರಿಸದಿದ್ದುದು ಅವರ ದೊಡ್ಡತನವೇ ಇರಬೇಕು. ಆದರೆ ಅವಳು ಅಲ್ಲಿಂದ ಬರಿಗೈಲಿ ಬಂದಳು.

ಮರುದಿನ ನೆಲಮಾಳಿಗೆಯಲ್ಲಿ ಯಂತ್ರಗಳ ಸದ್ದಿನ ನಡುವೆ ಆ ಸಾಲನ್ನು ಒಬ್ಬಳೇ ಹೇಳಿ ನೋಡಿದರೆ ಹೇಗೆ ಎಂದು ಅವಳಿಗೆ ಅನಿಸಿತು. ಅಷ್ಟು ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಬಟ್ಟೆ ಹರಡಿ, ಅಳತೆ ಮಾಡಿ, ಕತ್ತರಿ ಇಟ್ಟು, "ನಮ್ಮ ಇಷ್ಟ ಬದಿಗಿರಲಿ" ಅಂದಳು. ಮುಂದಕ್ಕೆ ಹೋಗಲು ನಾಲಿಗೆ ಒಪ್ಪಲಿಲ್ಲ. ಕೈ ಮಾತ್ರ ಹೋಗುತ್ತಲೇ ಇತ್ತು. ನೋಡಿದರೆ ನಾಲ್ಕು ಬೆರಳ ಕಿಟಕಿ ಎಂಟು ಬೆರಳಾಗಿ, ಬಟ್ಟೆ ಯಾತಕ್ಕೂ ಬಾರದಂತಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಅವಳು ಕೆಡಿಸಿದ ಮೊದಲ ಬಟ್ಟೆ. ಅದನ್ನು ಮಡಿಚಿ ಒರಸು ಬಟ್ಟೆಗಳ ಬುಟ್ಟಿಗೆ ಹಾಕಿ, ಕುರ್ಚಿಯಲ್ಲಿ ಕೂತು ಅತ್ತಳು. ಅಳುವಾಗಲೂ ಬಾಗಿಲಿಗೆ ಬೆನ್ನು ಮಾಡಿಕೊಂಡೇ ಅತ್ತಳು.

ಅಣ್ಣ ಅಷ್ಟರಲ್ಲಿ ಇಳಿದುಹೋಗಿದ್ದ. ಮೇಜಿನ ತನಕ ಬರಲಾಗದೆ ಮಂಚದಲ್ಲೇ ದಿಂಬಿಗೊರಗಿ ಕೂರುತ್ತಿದ್ದ. ನುಂಗಲು ಆಗುತ್ತಿದ್ದುದು ಹಾಲು, ತಿಳಿ ಸೂಪು ಅಷ್ಟೇ. ಆದರೂ ಪ್ರತಿ ಸಂಜೆ ನಾಲ್ಕನೆಯ ಸಾಲಾದ ಮೇಲೆ ಮಣಿಕಟ್ಟು ಹಿಡಿದು ಕಾಯುತ್ತಿದ್ದ. ಬೈಯಲಿಲ್ಲ, ಮತ್ತೆ ಬರೆಯಲೂ ಇಲ್ಲ. ಆ ಕಾಯುವಿಕೆಯೇ ಅವಳನ್ನು ಮುರಿಯಿತು. ಒಂಬತ್ತನೆಯ ಸಂಜೆ, ಇನ್ನು ತಾಳಲಾರೆ ಎನಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನಮ್ಮ ಇಷ್ಟ ಬದಿಗಿರಲಿ, ನಿನ್ನ ಚಿತ್ತವೇ ನಡೆಯಲಿ."

ಮಣಿಕಟ್ಟಿಗೆ ಉಗುರು ನಾಟಿತು. ಕಣ್ಣು ತೆರೆದಳು. ಅಣ್ಣನ ಮುಖದಲ್ಲಿ ಸಮಾಧಾನ ಕಾಣಬಹುದೆಂದು ಅವಳು ಎಣಿಸಿದ್ದಳು. ಅಲ್ಲಿ ಇದ್ದದ್ದು ಹೆದರಿಕೆ. ಅವನು ತಲೆಯನ್ನು ಅತ್ತ ಇತ್ತ ಆಡಿಸುತ್ತಿದ್ದ. ಬೇಡ, ಬೇಡ ಎನ್ನುವ ಹಾಗೆ. ಕುತ್ತಿಗೆಯ ತೂತಿನಿಂದ ಉಸಿರು ಸೀಳಿಕೊಂಡು ಬರುತ್ತಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಗಾಬರಿಬಿದ್ದು ಬೆನ್ನು ಸವರಿದಳು. ಉಸಿರು ಹದಕ್ಕೆ ಬಂದ ಮೇಲೆ ಅವನು ನೋಟುಬುಕ್ಕಿಗಾಗಿ ಕೈ ಚಾಚಿದ.

"ಆಮೆನ್ ಅನ್ನಬೇಡ" ಎಂದು ಬರೆದ. "ನನಗೆ ಸಾಯೋಕೆ ಇಷ್ಟ ಇಲ್ಲ ಪುಟ್ಟಿ."

ಅವಳು ಬಾಯಿ ಮೇಲೆ ಸೆರಗು ಒತ್ತಿಕೊಂಡಳು.

ಅವನು ನಿಧಾನಕ್ಕೆ, ಅಕ್ಷರ ಅಡ್ಡಾದಿಡ್ಡಿ ಹೋಗುತ್ತಿದ್ದರೂ ಬಿಡದೆ ಬರೆದ: "ನಿನ್ನ ಬಾಯಲ್ಲಿ ಕೇಳಿದ ಮೇಲೆ ಗೊತ್ತಾಯಿತು. ಅರವತ್ತು ವರ್ಷ ಬಸ್ಸಿನ ಹೆಸರು ಕೂಗಿದ ಹಾಗೆ ಕೂಗಿದೆ. ನಾನು ಹತ್ತಲೇ ಇಲ್ಲ."

ಇದನ್ನು ಓದಿದಾಗ ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಕೋಪ. "ಹಾಗಾದ್ರೆ ನನ್ನ ಕೈಲಿ ಯಾಕೆ ಹೇಳಿಸಿದೆ? ಯಾಕೆ ಹೇಳಿಸಿದೆ ಅಣ್ಣ? ನಾನು ಹದಿನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು ಕೂತಿದ್ದೆನಲ್ಲ!" ಎಂದು ಕೂಗಿದಳು. ಕೆಳಗಿನ ಮನೆಯವರಿಗೆ ಕೇಳಿಸಿರಬೇಕು. ಕೇಳಿಸಲಿ. ಅವನೊಬ್ಬನಾದರೂ ಗಟ್ಟಿಯಾಗಿದ್ದಾನೆ, ತಾನು ಹೇಳದಿದ್ದರೂ ಮನೆಯಲ್ಲಿ ಹೇಳುವವನೊಬ್ಬನಿದ್ದಾನೆ ಎಂಬ ಧೈರ್ಯದ ಮೇಲೆ ಅವಳು ಇಷ್ಟು ವರ್ಷ ನಿಂತಿದ್ದಳು. ಅದೂ ಹೋಯಿತು. ನಂಬಿ ಹೇಳುತ್ತಿದ್ದಾನೆ ಎಂದುಕೊಂಡಿದ್ದವನು ಸುಮ್ಮನೆ ಹೇಳುತ್ತಿದ್ದ, ಹೇಳದೆ ಇದ್ದವಳೇ ಆ ಮಾತನ್ನು ನಿಜವೆಂದು ನಂಬಿದ್ದಳು. ಇಬ್ಬರಲ್ಲಿ ಒಬ್ಬರೂ ದೇವರ ಚಿತ್ತಕ್ಕೆ ಒಪ್ಪಿದವರಲ್ಲ.

ಅಣ್ಣ ಅವಳ ಕೂಗು ಮುಗಿಯುವ ತನಕ ಕಾದ. ಆಮೇಲೆ ಬರೆದ: "ನಾಳೆನೂ ಹೇಳು. ನನ್ನ ಕೈ ಸಡಿಲ ಆದರೆ ಆಮೆನ್ ಅನ್ನು. ಆಗದಿದ್ದರೆ ಬೇಡ. ಸುಳ್ಳು ಆಮೆನ್ ಸಾಕಷ್ಟು ಆಗಿದೆ."

ಹೀಗೆ ಶುರುವಾಯಿತು. ದಿನಾ ಸಂಜೆ ಅವಳು ಕೆಲಸ ಮುಗಿಸಿ ಬಂದು, ಅವನ ಮೈ ಒರೆಸಿ, ಕುತ್ತಿಗೆಯ ಬಟ್ಟೆ ಬದಲಿಸಿ, ಮಂಚದ ಅಂಚಿಗೆ ಕೂರುತ್ತಿದ್ದಳು. ಅವನ ಕೈ ಅವಳ ಮಣಿಕಟ್ಟಿನ ಮೇಲೆ. ನಾಲ್ಕು ಸಾಲಿನ ತನಕ ಆ ಕೈ ಸುಮ್ಮನಿರುತ್ತಿತ್ತು. ಐದನೆಯದಕ್ಕೆ ಬಿಗಿಯುತ್ತಿತ್ತು. ಅವಳು ಕಾಯುತ್ತಿದ್ದಳು. ಐದು ನಿಮಿಷ, ಹತ್ತು ನಿಮಿಷ. ಬಿಗಿ ಬಿಡುತ್ತಿರಲಿಲ್ಲ. ಅಣ್ಣನ ಹಣೆಯಲ್ಲಿ ಬೆವರು ಮೂಡುತ್ತಿತ್ತು, ಪ್ರಯತ್ನ ಮಾಡುತ್ತಿದ್ದಾನೆ ಎಂದು ಕಾಣುತ್ತಿತ್ತು. ಕೊನೆಗೆ ಅವನೇ ತಲೆ ಅಲ್ಲಾಡಿಸುತ್ತಿದ್ದ, ಇವತ್ತಿಗೆ ಇಲ್ಲ. ಅವಳು ಆಮೆನ್ ಇಲ್ಲದೆಯೇ ಎದ್ದು ಹಾಲು ಬಿಸಿಮಾಡಲು ಹೋಗುತ್ತಿದ್ದಳು. ಒಮ್ಮೆ ಅವನು ಬರೆದ: "ದಯವಿಟ್ಟು ಗಮನಿಸಿ. ಇಂದಿನ ಬಸ್ಸೂ ತಡ." ಇಬ್ಬರೂ ನಕ್ಕರು. ನಕ್ಕದ್ದು ಅದೇ ಕೊನೆ.

ಎರಡು ವಾರ ಕಳೆಯುವಷ್ಟರಲ್ಲಿ ಅವಳೊಳಗೆ ಏನೋ ಬೇರೆಯಾಗಿತ್ತು. ಅದು ಶಾಂತಿಯಲ್ಲ, ಅಂಥ ಹೆಸರು ಅದಕ್ಕೆ ಸಲ್ಲದು. ನೋವಿನ ಔಷಧಿ ಹಿಡಿತಕ್ಕೆ ಬಾರದ ದಿನಗಳವು. ಅಣ್ಣ ಮುಲುಗಲೂ ಆಗದೆ ಬಾಯಿ ತೆರೆದು ಮುಚ್ಚುವುದನ್ನು ನೋಡುತ್ತಾ, ಉಳಿಸು ಎಂದು ಕೇಳುವುದನ್ನು ತಾನು ಯಾವಾಗ ನಿಲ್ಲಿಸಿದೆ ಎಂಬುದೇ ಅವಳಿಗೆ ಹೊಳೆಯಲಿಲ್ಲ. ಜೀವ ಕೊಡು ಎಂದು ಬೇಡುತ್ತಿದ್ದ ಬಾಯಿ, ಈಗ ಅವನ ಕೈ ಸಡಿಲ ಮಾಡು ಎಂದು ಬೇಡುತ್ತಿತ್ತು. ಐದನೆಯ ಸಾಲು ಅವಳ ನಾಲಿಗೆಗೆ ತೊಡಕಾಗುವುದು ನಿಂತಿತ್ತು. ಅಣ್ಣನ ಪಾಲಿನದೆಂದು ಹೇಳುತ್ತಾ ಹೇಳುತ್ತಾ ಅದು ಅವಳದೂ ಆಗಿಹೋಗಿತ್ತು. ಮನಸ್ಸು ದೇವರ ಕಡೆ ತಿರುಗುವುದೆಂದರೆ ಇದೇ ಆದರೆ, ಇಷ್ಟು ಬೆಲೆ ತೆತ್ತು ಯಾರಾದರೂ ತಿರುಗುತ್ತಾರೆಯೇ ಎಂದು ಅಯ್ಯನವರನ್ನು ಕೇಳಬೇಕೆನಿಸಿತು, ಕೇಳಲು ಹೋಗಲಿಲ್ಲ.

ಇಪ್ಪತ್ತಮೂರನೆಯ ಸಂಜೆ ಅವಳು ಬಂದಾಗ ಅಣ್ಣನ ಕಣ್ಣು ಅರೆ ಮುಚ್ಚಿತ್ತು. ಅವನ ಕೈಯನ್ನು ತಾನೇ ಎತ್ತಿ ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು. ಬೆರಳುಗಳು ಮೆಲ್ಲಗೆ ಹಿಡಿದವು. ಒಂದನೆಯ ಸಾಲು, ಎರಡು, ಮೂರು, ನಾಲ್ಕು. ನಿಧಾನಕ್ಕೆ, ಪ್ರತಿ ಅಕ್ಷರವೂ ಅವನ ಕಿವಿಗೆ ಮುಟ್ಟುವ ಹಾಗೆ ಬಾಗಿ ಐದನೆಯದನ್ನು ಹೇಳಿದಳು. ಕೈ ಬಿಗಿಯಲಿಲ್ಲ.

ಅವಳು ಕಾದಳು. ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಕೈ ಹಾಗೆಯೇ ಇತ್ತು.

"ಅಣ್ಣ, ಒಪ್ಪಿದೆಯಾ?" ಎಂದು ಕೇಳಿದಳು. "ಅಣ್ಣ, ಒಪ್ಪಿದೆಯಾ, ಸುಸ್ತಾಯ್ತಾ?"

ಕಣ್ಣಿನ ಗುಡ್ಡೆ ಒಮ್ಮೆ ಅವಳ ಕಡೆ ಹೊರಳಿದ ಹಾಗೆ ಕಂಡಿತು, ಹೊರಳಲಿಲ್ಲ ಎಂದೂ ಅನಿಸಿತು. ಇನ್ನೊಮ್ಮೆ ಆ ಸಾಲನ್ನು ಹೇಳಿದಳು. ಬೆರಳಿನಲ್ಲಿ ಒಂದಿಷ್ಟಾದರೂ ಬಿಗಿ ಬರಲಿ, ಬೇಡ ಎನ್ನಲಿ, ಆಗ ಅವನು ಇನ್ನೂ ಇದ್ದಾನೆ ಎಂದಾದರೂ ತಿಳಿಯುತ್ತದೆ ಎಂದುಕೊಂಡಳು. ಬರಲಿಲ್ಲ. ಕಿಟಕಿಯ ಹೊರಗೆ ಬೀದಿದೀಪ ಹತ್ತಿತು. ಅವಳು ಆಮೆನ್ ಅಂದಳು. ಅವನ ಪರವಾಗಿ ಅನ್ನಲು ತನಗೆ ಹಕ್ಕಿಲ್ಲ ಎಂದು ಗೊತ್ತಿದ್ದುದರಿಂದ, ತನ್ನ ಒಬ್ಬಳದನ್ನೇ ಅಂದಳು.

ಮರುದಿನ ಬೆಳಿಗ್ಗೆ, ಅವಳು ಹಾಲು ತರಲು ಕೆಳಗಿಳಿದು ಹತ್ತಿ ಬರುವಷ್ಟರಲ್ಲಿ, ಅವನು ಹೋಗಿದ್ದ.

ಅಂತ್ಯಕ್ರಿಯೆಗೆ ಜನ ಬಹಳ ಸೇರಿದರು. ಮುಖ ನೋಡದೆ ಧ್ವನಿ ಮಾತ್ರ ಕೇಳಿದ್ದವರೂ ಬಂದು ಮುಖ ನೋಡಿದರು. ಅಯ್ಯನವರು ಮಾತಾಡುತ್ತಾ, ಇಂಥ ಕಷ್ಟದಲ್ಲೂ ಈ ನಮ್ಮ ಸಹೋದರ ಕೊನೆಗೆ ತನ್ನನ್ನು ದೇವರ ಚಿತ್ತಕ್ಕೆ ಪೂರ್ಣವಾಗಿ ಒಪ್ಪಿಸಿಕೊಂಡು ಹೋದ ಅಂದರು. ಎಲ್ಲರೂ ತಲೆದೂಗಿದರು. ಬೆಕ್ಕಿನಾಕೆ ಕಣ್ಣೊರೆಸಿಕೊಂಡಳು. ಮುಂದಿನ ಸಾಲಿನಲ್ಲಿ ಕೂತಿದ್ದ ಹೊಲಿಗೆಯಮ್ಮ ಮಾತ್ರ ಅಲ್ಲಾಡಲಿಲ್ಲ. ಆ ಮಾತು ಹೌದೋ ಅಲ್ಲವೋ ಎಂದು ಹೇಳಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ. ಅವಳಿಗೇ ಗೊತ್ತಿರಲಿಲ್ಲ.